ಕಬ್ಬಿಗೆ ಬೆಲೆ ಕಟ್ಟುವವರು ಕೊಯ್ತಾವನ್ನೂ ಕೈಗೆತ್ತಿಕೊಳ್ಳಲಿ

ಮಹಾರಾಷ್ಟ್ರದ ಬೀಡ ಜಿಲ್ಲೆಯಿಂದ ಕಬ್ಬು ಕಡಿಯಲು ಹೊರಡುವವರ ಲೆಕ್ಕದಲ್ಲಿ ‘ಒಂದು ಕೊಯ್ತಾ’ ಎಂದರೆ ಗಂಡ-ಹೆಂಡತಿಯ ಒಂದು ಜೋಡಿ. ಕೂಲಿಯಾಳುಗಳನ್ನು ಕರೆತರುವ ಮುಕಾದಮ ಮುಂಗಡ ಕೊಡುವುದು ಕೊಯ್ತಾ ಲೆಕ್ಕದಲ್ಲಿ, ಅವರ ತಂಡ ಅಂದರೆ ಟೋಳಿ ಎಷ್ಟು ದೊಡ್ಡದು ಎಂದು ಹೇಳುವುದೂ ಕೊಯ್ತಾ ಲೆಕ್ಕದಲ್ಲೇ. ಹಿಡಿದ ಹತಾರದ ಹೆಸರೇ ಇಬ್ಬರು ಮನುಷ್ಯರ ಹೆಸರಾಗಿಬಿಟ್ಟಿದೆ. ಇಷ್ಟಾದರೂ ಆ ಹತಾರ ಎಂಥದ್ದು, ಅದರ ಉಕ್ಕು ಯಾವುದು, ಹಿಡಿ ಯಾವ ಕಟ್ಟಿಗೆಯದು, ಅದು ಹಿಡಿದವಳ ಅಂಗೈಗೆ ಕೂಡುತ್ತದೆಯೇ ಎಂದು ಕೇಳುವವರು ಕಾರ್ಖಾನೆಯಲ್ಲೂ ಇಲ್ಲ, ಕಚೇರಿಯಲ್ಲೂ ಇಲ್ಲ.

ಈ ಟೋಳಿಗಳು ಬಂದಿಳಿಯುವ ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲ್ಲೂಕುಗಳ ಹಣೆಬರಹ ಕೃಷ್ಣೆ, ದೂಧಗಂಗೆ, ವೇದಗಂಗೆಯರ ನೀರಿನಲ್ಲಿ ಬೆಳೆಯುವ ಕಬ್ಬಿನ ಮೇಲೆ ನಿಂತಿದೆ. ಉಗಾರ ಖುರ್ದದಲ್ಲಿ ಉಗಾರ ಶುಗರ್ ವರ್ಕ್ಸ್ ಶುರುವಾದದ್ದು 1939ರಲ್ಲಿ. ಆಮೇಲೆ ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ ಹೀಗೆ ಸಹಕಾರಿ ಕಾರ್ಖಾನೆಗಳು ಬಂದವು. ನುರಿಸುವ ಗಾಣಗಳು ಬದಲಾದವು, ತೂಕದ ಕಾಟಾಗಳು ಬದಲಾದವು, ತಳಿಗಳು ಬದಲಾದವು. ಕಬ್ಬಿನ ಬುಡಕ್ಕೆ ಬೀಳುವ ಮೊದಲ ಏಟು ಮಾತ್ರ ಇಂದಿಗೂ ಬಹುಪಾಲು ಕೈಯಲ್ಲೇ ಬೀಳುತ್ತಿದೆ.

2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಧರಣಿ ಕುಳಿತ ಕಬ್ಬು ಬೆಳೆಯುವ ರೈತರು ಟನ್ನಿಗೆ 3,500 ರೂಪಾಯಿ ಕೇಳಿದರು. ಕೊನೆಗೆ 3,300ಕ್ಕೆ ಒಪ್ಪಂದವಾಯಿತು. ಇನ್ನೂರು ರೂಪಾಯಿಯ ಅಂತರಕ್ಕೆ ಇಡೀ ಜಿಲ್ಲೆ ರಸ್ತೆಗಿಳಿಯಿತು, ಅದು ನ್ಯಾಯವೇ. ಆದರೆ ಅದೇ ಹೊಲದಲ್ಲಿ ಮೊಂಡಾದ, ಡೊಂಕು ತಪ್ಪಿದ, ಹದ ಕೆಟ್ಟ ಕೊಯ್ತಾದಿಂದ ಪ್ರತಿ ಎಕರೆಗೆ ಎಷ್ಟು ಹೋಗುತ್ತದೆ ಎಂಬ ಲೆಕ್ಕವನ್ನು ಯಾರೂ ಹಾಕಲಿಲ್ಲ. ಆ ಲೆಕ್ಕವನ್ನೊಮ್ಮೆ ಹಾಕಲೇಬೇಕು.

ಎಕರೆಗೆ ನಲವತ್ತು ಟನ್ ಇಳುವರಿ ಬಂದಿದೆ, ಗಣಿಕೆಯ ಭಾಗ ಎಂಟು ಅಡಿ ಉದ್ದವಿದೆ ಎಂದು ಹಿಡಿಯೋಣ. ಬುಡದಲ್ಲಿ ಎರಡೇ ಇಂಚು ಬಿಟ್ಟು ಕಡಿದರೆ ಉದ್ದದಲ್ಲಿ ನೂರಕ್ಕೆ ಎರಡು ಪಾಲು ನೆಲದಲ್ಲೇ ಉಳಿಯಿತು. ಅಂದರೆ ಎಂಟು ನೂರು ಕಿಲೋ. ಟನ್ನಿಗೆ 3,300ರ ಲೆಕ್ಕದಲ್ಲಿ ಎರಡೂವರೆ ಸಾವಿರ ರೂಪಾಯಿಗೂ ಹೆಚ್ಚು. ಅದೂ ಎಂಥ ಎರಡು ಇಂಚು? ಸಕ್ಕರೆ ಹೆಚ್ಚು ತುಂಬಿಕೊಳ್ಳುವುದು ಬುಡದ ಗಣಿಕೆಗಳಲ್ಲಿ, ಸುಳಿಯ ಕಡೆಗೆ ಹೋದಂತೆ ಸಿಹಿ ಇಳಿಯುತ್ತದೆ. ಅಂದರೆ ಹೊಲದಲ್ಲಿ ಉಳಿದದ್ದು ಅತಿ ಸಿಹಿಯಾದ ತುಂಡು. ರೈತನಿಗೆ ತೂಕ ಹೋಯಿತು, ಕಾರ್ಖಾನೆಗೆ ಸಕ್ಕರೆಯ ರಿಕವರಿ ಹೋಯಿತು. ಇಷ್ಟಕ್ಕೇ ಮುಗಿಯಲಿಲ್ಲ. ನೆಲದ ಮೇಲೆ ಉಳಿದ ಗಣ್ಣುಗಳಿಂದ ಒಡೆಯುವ ಮೊಳಕೆಗೆ ಬೇರು ಸರಿಯಾಗಿ ಊರುವುದಿಲ್ಲ. ಮೊಂಡ ಬಾಯಿಯ ಏಟಿಗೆ ಬುಡ ಸೀಳಿದ್ದರೆ ರೋಗಕ್ಕೆ ಬಾಗಿಲು ತೆರೆದಂತೆ. ಹೀಗಾಗಿ ಮುಂದಿನ ವರ್ಷದ ಕೂಳೆ ಕಬ್ಬೂ ಸೊರಗುತ್ತದೆ.

ಕಡಿಯುವವರು ಬೇಕೆಂದೇ ಮೇಲೆ ಕಡಿಯುತ್ತಾರೆ ಎಂದು ದೂರುವುದು ಸುಲಭ. ಅವರ ಜಾಗದಲ್ಲಿ ನಿಂತರೆ ಕಾರಣ ತಿಳಿಯುತ್ತದೆ. ಒಂದು ಕಬ್ಬು ಸುಮಾರು ಒಂದು ಕಿಲೋ ತೂಗುತ್ತದೆ ಎಂದರೂ ಟನ್ನಿಗೆ ಸಾವಿರ ಕಬ್ಬು. ಬುಡಕ್ಕೊಂದು ಏಟು, ಸುಳಿಗೊಂದು ಏಟು, ರವದಿ ಸವರಲು ಇನ್ನೊಂದು. ಒಂದು ಕಬ್ಬಿಗೆ ಮೂರು ಸಲ ಕೈ ಎತ್ತಬೇಕು. ಜೋಡಿಯೊಂದು ದಿನಕ್ಕೆ ಎರಡು ಟನ್ ಕಡಿದರೆ ಒಟ್ಟು ಆರು ಸಾವಿರ ಏಟು, ತಲೆಗೆ ಮೂರು ಸಾವಿರ. ಕೊಯ್ತಾ ಬೇಕಾದದ್ದಕ್ಕಿಂತ ನೂರು ಗ್ರಾಂ ಹೆಚ್ಚು ತೂಗಿದರೆ ಒಬ್ಬೊಬ್ಬರ ಮಣಿಕಟ್ಟು ದಿನಕ್ಕೆ ಮುನ್ನೂರು ಕಿಲೋ ಹೆಚ್ಚು ಎತ್ತಿದಂತಾಯಿತು. ಹಾಗೆಂದು ಕೊಯ್ತಾ ತೀರ ಹಗುರವಾದರೆ ಒಂದೇ ಏಟಿಗೆ ಕಬ್ಬು ಬೀಳುವುದಿಲ್ಲ, ಏಟು ಎರಡಾಗುತ್ತದೆ. ಹೊತ್ತು ಏರಿದಂತೆ ಸೊಂಟ ಬಾಗಲಾರದು. ಆಗ ಕೈ ತಾನಾಗಿ ಎರಡು ಇಂಚು ಮೇಲಕ್ಕೆ ಹೋಗುತ್ತದೆ. ದೋಷವಿರುವುದು ಹತಾರದಲ್ಲಿ, ಬೈಗುಳ ಬೀಳುವುದು ಕೈಯ ಮೇಲೆ.

ಆದ್ದರಿಂದ ಕೊಯ್ತಾ ಆರಿಸುವುದು ಬಿತ್ತನೆಯ ತಳಿ ಆರಿಸಿದಷ್ಟೇ ಜಾಗ್ರತೆಯ ಕೆಲಸ ಎಂದು ಈ ಭಾಗದ ರೈತರು, ಕಾರ್ಖಾನೆಗಳು, ಸಂಶೋಧನಾ ಕೇಂದ್ರಗಳು ಒಪ್ಪಿಕೊಳ್ಳಬೇಕು. ಆಯ್ಕೆಯಲ್ಲಿ ನೋಡಬೇಕಾದದ್ದು ಮೂರು: ಆಕಾರ, ಉಕ್ಕು, ಹಿಡಿ.

ಮೊದಲು ಆಕಾರ. ಹುಲ್ಲು, ಜೋಳ, ಗೋದಿ ಕೊಯ್ಯುವ ಕುಡಗೋಲು ಎಳೆದು ಕೊಯ್ಯುವ ಹತಾರ. ಅದಕ್ಕೆ ತೆಳು ಬಾಯಿ, ಆಳ ಬಾಗು ಬೇಕು. ಕೊಯ್ತಾ ಬೀಸಿ ಕಡಿಯುವ ಹತಾರ; ಅದಕ್ಕೆ ಅಗಲ ಅಲಗು, ಮುಂತುದಿಯ ಕಡೆಗೆ ತುಸು ತೂಕ, ಸಣ್ಣ ಬಾಗು ಬೇಕು. ಬಾಗು ಹೆಚ್ಚಾದರೆ ತುದಿ ಮೊದಲು ಮಣ್ಣಿಗೆ ಬಡಿದು ಬಾಯಿ ಹೋಗುತ್ತದೆ. ಬಾಗೇ ಇಲ್ಲದಿದ್ದರೆ ಅಲಗು ಕಬ್ಬಿನ ಮೇಲೆ ಜಾರಿ ಕಾಲಿನ ಕಡೆಗೆ ಬರುತ್ತದೆ. ಬೆನ್ನು ದಪ್ಪವಿದ್ದು ಬಾಯಿಯ ಕಡೆಗೆ ಒಂದೇ ಸಮ ತೆಳುವಾಗುತ್ತ ಬಂದಿರಬೇಕು. ಅಂಗಡಿಯಲ್ಲಿ ಸಿಗುವ ಎಷ್ಟೋ ಅಲಗುಗಳು ಹಾಳೆಯಂತೆ ಎಲ್ಲ ಕಡೆ ಒಂದೇ ದಪ್ಪವಿದ್ದು ಕೊನೆಯ ಅರ್ಧ ಇಂಚಿನಲ್ಲಷ್ಟೇ ಸಾಣೆ ಕಂಡಿರುತ್ತವೆ. ಅಂಥದ್ದು ಕಬ್ಬನ್ನು ಕತ್ತರಿಸುವುದಿಲ್ಲ, ಬೆಣೆಯಂತೆ ಸೀಳುತ್ತದೆ.

ಒಬ್ಬರಿಗೆ ಒಗ್ಗಿದ ಆಕಾರ ಇನ್ನೊಬ್ಬರಿಗೆ ಒಗ್ಗಲಿಕ್ಕಿಲ್ಲ. ನೆಟ್ಟಗೆ ನಿಂತ ಕಬ್ಬಿಗೆ ಒಂದು, ಗಾಳಿ ಮಳೆಗೆ ಮಲಗಿ ಹೆಣೆದುಕೊಂಡ ಕಬ್ಬಿಗೆ ಇನ್ನೊಂದು. ಕೃಷ್ಣಾ ತೀರದ ಎರೆಮಣ್ಣಿನಲ್ಲಿ ಬುಡದವರೆಗೆ ಇಳಿದು ಕಡಿಯಬಹುದು. ಅಥಣಿ ತಾಲ್ಲೂಕಿನ ಪೂರ್ವದ ಕಲ್ಲು ಮಸಾರಿ ನೆಲದಲ್ಲಿ ಅದೇ ಅಲಗು ಹಲ್ಲು ಬಿಡುತ್ತದೆ. ಊರ ಕಂಬಾರನಿಗೆ ಇದು ಗೊತ್ತಿತ್ತು. ಯಾವ ಹೊಲಕ್ಕೆ, ಯಾರ ಕೈಗೆ ಎಂದು ಕೇಳಿಯೇ ಅವನು ಕಬ್ಬಿಣ ಬೆಂಕಿಗಿಡುತ್ತಿದ್ದ.

ಇನ್ನು ಉಕ್ಕು. ಈ ಶಬ್ದದ ಹಿಂದೆ ಕನ್ನಡ ನಾಡಿನ ಹೆಮ್ಮೆಯೇ ಇದೆ. ದಕ್ಷಿಣ ಭಾರತದ ಕುಲುಮೆಗಳಿಂದ ಯುರೋಪಿಗೆ ಹೋದ ಉಕ್ಕನ್ನು ಅಲ್ಲಿಯವರು ‘ವೂಟ್ಜ್’ ಎಂದು ಕರೆದರು. ನಮ್ಮ ‘ಉಕ್ಕು’ ಎಂಬ ಮಾತೇ ಅವರ ಬರಹದಲ್ಲಿ ಹಾಗಾಯಿತು ಎಂಬುದು ಬಹುಪಾಲು ವಿದ್ವಾಂಸರ ಮಾತು. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಅದರ ಬಗ್ಗೆ ಪ್ರಬಂಧ ಓದಿದ. ಮುಂದೆ ಮೈಕೆಲ್ ಫ್ಯಾರಡೆಯೂ ಅದರ ಗುಟ್ಟು ಹುಡುಕಲು ಕೂತ. ಕಬ್ಬಿಣಕ್ಕೂ ಉಕ್ಕಿಗೂ ಇರುವ ಭೇದ ಇಂಗಾಲದ ಅಳತೆಯದ್ದು ಎಂಬುದು ವಿಜ್ಞಾನಕ್ಕೆ ತಿಳಿಯುವ ಎಷ್ಟೋ ಮೊದಲೇ ಆ ಭೇದವನ್ನು ಬಣ್ಣದಲ್ಲಿ, ಸದ್ದಿನಲ್ಲಿ, ಕಿಡಿಯಲ್ಲಿ ಗುರುತಿಸಿದವರು ನಮ್ಮ ಕಂಬಾರರು. ಜ್ಞಾನಪೀಠ ಪಡೆದ ಚಂದ್ರಶೇಖರ ಕಂಬಾರರು ಹುಟ್ಟಿದ್ದು ಇದೇ ಜಿಲ್ಲೆಯ ಘೋಡಗೇರಿಯಲ್ಲಿ, ಕುಲುಮೆಯ ಮನೆತನದಲ್ಲಿ. ಆ ಮನೆತನಗಳ ಕಸುಬನ್ನು ಗೌರವದಿಂದ ನೆನೆಯುವ ನಾಡು ಅದರ ಅರಿವನ್ನು ಮಾತ್ರ ಗುಜರಿಗೆ ಹಾಕುತ್ತಿದೆ.

ಕೊಯ್ತಾಕ್ಕೆ ಕೈಗೆಟಕುವ ಒಳ್ಳೆಯ ಉಕ್ಕು ಲಾರಿಯ ಕಮಾನ್ ಪಟ್ಟಿ. ಅದರಲ್ಲಿ ಇಂಗಾಲ ನೂರಕ್ಕೆ ಅರ್ಧದಿಂದ 0.65ರ ಆಸುಪಾಸು ಇರುತ್ತದೆ. ಜೊತೆಗೆ ಸಿಲಿಕಾನ್, ಮ್ಯಾಂಗನೀಸ್ ಇಲ್ಲವೇ ಕ್ರೋಮಿಯಂ ಬೆರೆತಿರುತ್ತದೆ. ಭಾರ ಹೊತ್ತು ಬಾಗಿ ಮತ್ತೆ ನೆಟ್ಟಗಾಗುವುದೇ ಅದರ ಹುಟ್ಟುಗುಣ. ಕಲ್ಲಿಗೆ ತಾಗಿದರೂ ಮುರಿಯದೆ ತಾಳಿಕೊಳ್ಳುವ ಅಲಗಿಗೆ ಬೇಕಾದದ್ದೂ ಅದೇ ಗುಣ. ಮನೆ ಕಟ್ಟುವ ಸಳಿ, ಕಿಟಕಿಯ ಪಟ್ಟಿ, ಗೇಟಿನ ತಗಡು ಇವೆಲ್ಲ ಇಂಗಾಲ ಕಡಿಮೆಯಿರುವ ಮೆತ್ತನೆಯ ಉಕ್ಕು. ಎಷ್ಟೇ ಕಾಸಿ ನೀರಿಗೆ ಹಾಕಿದರೂ ಅದು ಬೇಕಾದಷ್ಟು ಗಟ್ಟಿಯಾಗುವುದಿಲ್ಲ. ಮೊದಲ ದಿನ ಚೂಪಾಗಿ ಕಂಡದ್ದು ಮೂರನೆಯ ದಿನ ಬಾಯಿ ಮಡಚಿಕೊಳ್ಳುತ್ತದೆ. ಸ್ಟೇನ್‌ಲೆಸ್ ಉಕ್ಕಿನದು ಇನ್ನೊಂದು ಸಮಸ್ಯೆ. ಅಡುಗೆಮನೆಯಲ್ಲಿ ತುಕ್ಕು ಹಿಡಿಯದ ಚಾಕುವಾಗಿ ಅದು ಒಳ್ಳೆಯದೇ. ಆದರೆ ಅದಕ್ಕೆ ಹದ ಕೊಡಲು ಬೇಕಾದ ಉಷ್ಣದ ನಿಯಂತ್ರಣ ಊರ ಕುಲುಮೆಗೆ ಎಟಕದು, ಒಮ್ಮೆ ಹದ ಕೆಟ್ಟರೆ ಸರಿಪಡಿಸುವವರೂ ಹತ್ತಿರದಲ್ಲಿ ಸಿಗುವುದಿಲ್ಲ.

ಕಬ್ಬು ಕಡಿಯುವವರ ಊರುಗಳಲ್ಲಿ ಹಂಗಾಮಿಗೆ ಮುಂಚೆ ಕುಲುಮೆಯ ಎದುರು ಕೇಳಿಬರುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ: “ಕಾಕಾ, ಕಮಾನ್ ಪಟ್ಟೀದ್ದ ಮಾಡಿ ಕೊಡ್ರಿ, ಸಳೀದು ಬ್ಯಾಡ.” ಕಂಬಾರ ತಲೆ ಎತ್ತದೆಯೇ ಕೇಳುತ್ತಾನೆ: “ನಿನಗೋ, ಮನ್ಯಾಕಿಗೋ?” ಅವನ ಪ್ರಶ್ನೆಯಲ್ಲೇ ಅರ್ಧ ಕೆಲಸ ಮುಗಿದಿರುತ್ತದೆ.

ಆ ಕೆಲಸವನ್ನು ಒಮ್ಮೆ ಹತ್ತಿರ ನಿಂತು ನೋಡಬೇಕು. ಪಟ್ಟಿಯ ತುಂಡು ತಿದಿಯ ಗಾಳಿಗೆ ಕಿತ್ತಳೆ ಬಣ್ಣಕ್ಕೆ ಬರುತ್ತದೆ. ಇಕ್ಕಳದಲ್ಲಿ ಹಿಡಿದು ಅಡಿಗಲ್ಲಿನ ಮೇಲಿಟ್ಟು ಬಡಿಯುವಾಗ ಸಮ್ಮಟಿಗೆ ಎತ್ತುವವ ಒಬ್ಬ, ಸಣ್ಣ ಸುತ್ತಿಗೆಯಿಂದ ಜಾಗ ತೋರಿಸುವವ ಇನ್ನೊಬ್ಬ. ಕೆಂಪು ಮಂಕಾದರೆ ಬಡಿಯುವುದನ್ನು ನಿಲ್ಲಿಸಿ ಮತ್ತೆ ಬೆಂಕಿಗಿಡಬೇಕು. ತಣ್ಣಗಾದದ್ದನ್ನು ಬಡಿದರೆ ಕಣ್ಣಿಗೆ ಕಾಣದ ಬಿರುಕು ಒಳಗೆ ಕೂರುತ್ತದೆ. ಆಕಾರ ಬಂದ ಮೇಲೆ ಹದದ ಸರದಿ. ಅಲಗು ಒಂದೇ ಸಮ ಕೆಂಪಾಗಿ ಅಯಸ್ಕಾಂತಕ್ಕೆ ಅಂಟದ ಹಂತ ಸುಮಾರು 770 ಡಿಗ್ರಿಗೆ ಬರುತ್ತದೆ. ಅದನ್ನು ದಾಟಿ ತುಸು ಮೇಲಕ್ಕೆ ಹೋದಾಗ ಎಣ್ಣೆಗೆ ಇಳಿಸಬೇಕು. ಕಮಾನ್ ಪಟ್ಟಿಗೆ ಎಣ್ಣೆಯೇ ಸರಿ. ನೀರು ಕುಡಿಸಿದರೆ ತಟ್ಟನೆ ತಣಿದು ಬಿರುಕು ಬಿಡುವ ಭಯ.

ಈಗ ಅಲಗು ಗಾಜಿನಷ್ಟು ಗಟ್ಟಿ, ಗಾಜಿನಷ್ಟೇ ನಾಜೂಕು. ಕಂಬಾರ ಅದರ ಒಂದು ಮೈಯನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿ, ಬೆನ್ನಿನ ಕಡೆಯಿಂದ ಮೆಲ್ಲಗೆ ಕಾಸುತ್ತಾನೆ. ಬೆಳ್ಳನೆಯ ಮೈಮೇಲೆ ಬಣ್ಣಗಳು ಓಡತೊಡಗುತ್ತವೆ: ಮೊದಲು ಒಣ ಹುಲ್ಲಿನ ಹಳದಿ, ಅದು ಸುಮಾರು 220 ಡಿಗ್ರಿ, ಆಮೇಲೆ ಕಂದು, 280ರ ಹತ್ತಿರ ನೇರಳೆ, 300ಕ್ಕೆ ನವಿಲುಗರಿಯ ನೀಲಿ. ಬೀಸಿ ಕಡಿಯುವ ಕೊಯ್ತಾಕ್ಕೆ ನೀಲಿ ಬಾಯಿಯವರೆಗೆ ಬರಬೇಕು. ಹಾಗೆ ಬಂದ ಅಲಗು ರಾಕ್‌ವೆಲ್ ಗಡಸುತನದಲ್ಲಿ ಐವತ್ತರ ಆಸುಪಾಸು ಇರುತ್ತದೆ. ಕಲ್ಲಿಗೆ ತಾಗಿದರೆ ಹಲ್ಲು ಬಿಡುವುದಿಲ್ಲ, ಹೊಲದ ಬದುವಿನಲ್ಲೇ ಕೂತು ಕಲ್ಲಿನಿಂದ ಮಸೆದುಕೊಳ್ಳಬಹುದು. ಬಣ್ಣ ಹಳದಿಯಲ್ಲೇ ನಿಂತರೆ ಚೂಪು ಹೆಚ್ಚು, ಆದರೆ ಮೊದಲ ಕಲ್ಲಿಗೇ ತುಂಡು ಹಾರುತ್ತದೆ. ಈ ಎಲ್ಲ ತೀರ್ಮಾನ ಕೆಲವೇ ಕ್ಷಣಗಳ ಕೆಲಸ. ‘ಹದ’ ಎಂಬ ಮಾತನ್ನು ಅಡುಗೆಗೂ ಹೊಲಕ್ಕೂ ಬಳಸುವ ಕನ್ನಡಿಗರು ಅದನ್ನು ಉಕ್ಕಿಗೂ ಬಳಸಿದ್ದು ಕಣ್ಣಾರೆ ಕಂಡೇ.

ಕೊಳ್ಳುವವರೂ ಕೆಲವು ಪರೀಕ್ಷೆ ಮಾಡಬಹುದು. ಸಾಣೆ ಚಕ್ರಕ್ಕೆ ಹಿಡಿದಾಗ ಕಿಡಿ ಉದ್ದಕ್ಕೆ ನೆಟ್ಟಗೆ ಹಾರಿದರೆ ಮೆತ್ತನೆಯ ಉಕ್ಕು, ಕವಲೊಡೆದು ಹೂವಿನಂತೆ ಸಿಡಿದರೆ ಇಂಗಾಲವಿರುವ ಉಕ್ಕು. ಬಾಯಿಯ ಮೇಲೆ ಅರ ಎಳೆದಾಗ ಸಲೀಸಾಗಿ ಕಚ್ಚಿದರೆ ಹದ ಬಂದಿಲ್ಲ, ಗಾಜಿನ ಮೇಲೆ ಜಾರಿದಂತೆ ಪೂರ್ತಿ ಜಾರಿದರೆ ಹದ ಇಳಿಸಿಲ್ಲ. ಅಲಗನ್ನು ತೂಗು ಹಾಕಿ ಬೆರಳಿನಿಂದ ಬಾರಿಸಿದರೆ ಗಂಟೆಯಂತೆ ನಾದ ಬರಬೇಕು, ಒಡಕು ದನಿ ಬಂದರೆ ಒಳಗೆ ಬಿರುಕಿದೆ.

ಮೂರನೆಯದು ಹಿಡಿ. ಎಲ್ಲರೂ ಅಲಗು ನೋಡಿ ದುಡ್ಡು ಕೊಡುತ್ತಾರೆ, ಆದರೆ ದಿನವಿಡೀ ಚರ್ಮಕ್ಕೆ ತಾಗುವುದು ಹಿಡಿ. ಈಗ ಎಷ್ಟೋ ಕೊಯ್ತಾಗಳಿಗೆ ಕಬ್ಬಿಣದ ಕೊಳವೆಯನ್ನೇ ಬೆಸುಗೆ ಹಾಕಿಬಿಡುತ್ತಾರೆ. ಅದು ಅಗ್ಗ, ಮುರಿಯುವುದೂ ಇಲ್ಲ. ಆದರೆ ನವೆಂಬರಿನ ಬೆಳಗಿನ ಜಾವ ಮಂಜಿನಂತೆ ಕೊರೆಯುತ್ತದೆ, ಮಾರ್ಚ್‌ನ ಮಧ್ಯಾಹ್ನ ಕಾದು ಸುಡುತ್ತದೆ, ಬೆವರು ಮತ್ತು ಕಬ್ಬಿನ ಹಾಲು ಸೇರಿದರೆ ಜಾರುತ್ತದೆ. ಏಟಿನ ಅದುರನ್ನೆಲ್ಲ ನೇರವಾಗಿ ಮಣಿಕಟ್ಟಿಗೆ ಸಾಗಿಸುತ್ತದೆ. ಬೆಸುಗೆಯ ಉರಿ ಬಿದ್ದ ಜಾಗದಲ್ಲಿ ಅಲಗಿನ ಹದವೂ ಹೋಗಿರುತ್ತದೆ, ಆದ್ದರಿಂದ ಅಲಗು ಮುರಿದರೆ ಅಲ್ಲೇ ಮುರಿಯುತ್ತದೆ. ಪ್ಲಾಸ್ಟಿಕ್ ಹಿಡಿ ಬಿಸಿಲಿಗೆ ಒಡೆಯುತ್ತದೆ.

ಇದಕ್ಕೆ ಉತ್ತರ ಹೊಲದ ಬದುವಿನಲ್ಲೇ ಬೆಳೆದು ನಿಂತಿದೆ. ಕರಿಜಾಲಿ ಗಟ್ಟಿ, ಏಟು ತಾಳುತ್ತದೆ. ಗಾಡಿಯ ಗಾಲಿಗೂ ಕುಂಟೆಗೂ ಹಿರಿಯರು ಅದನ್ನೇ ಬಳಸಿದ್ದು ಸುಮ್ಮನೆ ಅಲ್ಲ. ಹುಣಸೆಯೂ ಸೀಳದ ಕಟ್ಟಿಗೆ. ಬೇವು ಹಗುರ, ಕೈಗೆ ಹಿತ, ಆದರೆ ಬೇಗ ಸವೆಯುತ್ತದೆ. ಯಾವುದೇ ಆದರೂ ಹಸಿ ಕಟ್ಟಿಗೆ ಆಗದು. ನೆರಳಲ್ಲಿ ಒಣಗಿದ್ದಿರಬೇಕು, ಎಳೆ ಹಿಡಿಯ ಉದ್ದಕ್ಕೆ ನೆಟ್ಟಗೆ ಓಡಿರಬೇಕು. ಅಲಗಿನ ಬಾಲವನ್ನು ಕಾಸಿ ಹಿಡಿಯೊಳಗೆ ಸುಟ್ಟು ಇಳಿಸಿ, ಬಾಯಿಗೆ ಕಬ್ಬಿಣದ ಬಳೆ ಬಿಗಿದರೆ ಅದು ಅಲ್ಲಾಡುವುದಿಲ್ಲ. ಹೊಳೆಯುವ ಬಣ್ಣ ಬಳಿಯುವ ಬದಲು ಅಗಸೆ ಇಲ್ಲವೇ ಕುಸುಬಿ ಎಣ್ಣೆ ಕುಡಿಸಬೇಕು. ಕೊನೆಯಲ್ಲಿ ತುಸು ಉಬ್ಬು ಇದ್ದರೆ ಬೀಸಿದಾಗ ಕೈಯಿಂದ ಜಾರುವುದಿಲ್ಲ.

ಅಳತೆಯಂತೂ ಕಡೆಗಣಿಸಲಾಗದ ಸಂಗತಿ. ಹಿಡಿ ಹಿಡಿದಾಗ ಬೆರಳ ತುದಿಗಳು ಅಂಗೈಗೆ ಒತ್ತಿದರೆ ಹಿಡಿ ಸಣ್ಣದು, ಬೆರಳು ಸುತ್ತು ಬಾರದಿದ್ದರೆ ದಪ್ಪ. ‘ಒಂದು ಕೊಯ್ತಾ’ ಎಂಬ ಜೋಡಿಯಲ್ಲಿ ಅರ್ಧ ಭಾಗ ಹೆಣ್ಣುಮಕ್ಕಳು. ಗಂಡಸಿನ ಕೈಗೆ ಮಾಡಿದ ಹಿಡಿಯನ್ನೇ ಅವರೂ ಹಿಡಿಯಬೇಕಾಗಿದೆ. ದಪ್ಪ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಳ್ಳುವುದಕ್ಕೇ ಅವರ ಅರ್ಧ ಶಕ್ತಿ ಹೋಗುತ್ತದೆ. ಸಂಜೆ ರೊಟ್ಟಿ ಬಡಿಯುವುದೂ ಅದೇ ಕೈಗಳಿಂದ.

ಹತಾರವನ್ನು ಹೀಗೆ ಕಾಳಜಿಯಿಂದ ಆರಿಸುವುದು ಎಲ್ಲೋ ಇರುವ ಆದರ್ಶವಲ್ಲ. ಇದೇ ಸೀಮೆಯ ಚರ್ಮದ ಕಸುಬುದಾರರು ಅದನ್ನು ಇಂದಿಗೂ ಬಿಟ್ಟಿಲ್ಲ. ಅಥಣಿ, ಮದಭಾವಿ, ನಿಪ್ಪಾಣಿ, ರಾಯಬಾಗದ ಚಪ್ಪಲಿ ಮಾಡುವ ಮನೆಗಳಲ್ಲಿ ರಂಪಿಗೆ ಎಂಬ ಅಗಲ ಬಾಯಿಯ ಚರ್ಮ ಕತ್ತರಿಸುವ ಕತ್ತಿ ಇರುತ್ತದೆ. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ದಪ್ಪ ಎಮ್ಮೆ ತೊಗಲನ್ನು ಅಟ್ಟೆಗೆ ಕತ್ತರಿಸುವಾಗ ಅದನ್ನು ಬೀಸುವುದಿಲ್ಲ, ಅದುಮಿ ತಳ್ಳುತ್ತಾರೆ. ಏಟಿನ ಭಯವಿಲ್ಲದ್ದರಿಂದ ಅದರ ಬಾಯಿ ಕೊಯ್ತಾಕ್ಕಿಂತ ಎಷ್ಟೋ ಗಡಸಾಗಿರಬಹುದು. ಇಂಗಾಲ ನೂರಕ್ಕೆ ಒಂದು ಪಾಲಿಗೂ ಮೇಲಿರುವ ಹಳೆಯ ಅರದಂಥ ಉಕ್ಕು, ಹಳದಿಯಲ್ಲೇ ನಿಲ್ಲಿಸಿದ ಹದ ಅದಕ್ಕೆ ಒಪ್ಪುತ್ತದೆ. ಒಂದೇ ಕುಲುಮೆ, ಎರಡು ಕತ್ತಿ, ಎರಡು ಬಣ್ಣ. ರಂಪಿಗೆಯನ್ನು ಕಸುಬುದಾರ ಸುಲಭಕ್ಕೆ ಇನ್ನೊಬ್ಬರ ಕೈಗೆ ಕೊಡುವುದಿಲ್ಲ. ವರ್ಷಗಳ ಮಸೆತದಲ್ಲಿ ಅದು ಅವನ ಕೈಯ ಓರೆಗೆ ತಕ್ಕಂತೆ ಸವೆದಿರುತ್ತದೆ. ವಚನಕಾರ ಮಾದಾರ ಚೆನ್ನಯ್ಯನ ಅಂಕಿತದೊಳಗೇ ಉಳಿ, ಕತ್ತಿಗಳ ಹೆಸರು ಸೇರಿಕೊಂಡಿವೆ. ಕಾಯಕದ ಹತಾರಕ್ಕೆ ಈ ನೆಲ ಕೊಟ್ಟ ಜಾಗ ಅಷ್ಟು ದೊಡ್ಡದು.

ಅವರು ಮಾಡುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಮತ್ತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೆ ಅದು ಸೇರಿದ್ದು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಅದೇ ಮಾದರಿಯ ಚಪ್ಪಲಿ ತೋರಿಸಿ ಹೆಸರು ಹೇಳದಿದ್ದಾಗ ಎರಡೂ ರಾಜ್ಯಗಳು ಎದ್ದು ನಿಂತವು. ವರ್ಷದ ಕೊನೆಯ ಹೊತ್ತಿಗೆ ಎರಡೂ ರಾಜ್ಯಗಳ ಚರ್ಮ ನಿಗಮಗಳ ಜೊತೆ ಆ ಕಂಪನಿ ಒಪ್ಪಂದಕ್ಕೆ ಬಂತು. ಕೈಯಲ್ಲಿ ಮಾಡಿದ ವಸ್ತುವಿಗೆ ಇಷ್ಟು ಗೌರವ ಸಿಕ್ಕಿದ್ದು ಸಂತೋಷದ ಸಂಗತಿ. ಅದನ್ನು ಮಾಡುವ ಕತ್ತಿಗೂ, ಆ ಕತ್ತಿಯನ್ನು ಮಾಡುವ ಕುಲುಮೆಗೂ ಅದರಲ್ಲಿ ಪಾಲಿರಬೇಕಲ್ಲವೇ?

ಕತ್ತಿ ಬದಲಾದರೆ ಕಬ್ಬಿನ ಹೊಲದಲ್ಲಿ ಏನಾಗುತ್ತದೆ ಎಂಬುದಕ್ಕೆ ದೂರದ ಎಲ್ ಸಾಲ್ವಡಾರ್ ದೇಶದಲ್ಲಿ ಉದಾಹರಣೆ ಇದೆ. ಅಲ್ಲಿ ಬಿಸಿಲಲ್ಲಿ ಕಬ್ಬು ಕಡಿಯುವ ಯುವಕರು ಮೂತ್ರಪಿಂಡದ ಕಾಯಿಲೆಗೆ ತುತ್ತಾಗುತ್ತಿದ್ದರು. 2014-15ರ ಹಂಗಾಮಿನಲ್ಲಿ ಎಲ್ ಆಂಖೆಲ್ ಎಂಬ ಸಕ್ಕರೆ ಕಾರ್ಖಾನೆಯ ಹೊಲಗಳಲ್ಲಿ ಸಂಶೋಧಕರು ಒಂದು ಪ್ರಯೋಗ ನಡೆಸಿದರು. ಕಾರ್ಮಿಕರಿಗೆ ಬೆನ್ನಿಗೆ ಕಟ್ಟಿಕೊಳ್ಳುವ ನೀರಿನ ಚೀಲ, ಎಲ್ಲಿಗೆ ಬೇಕಾದರೂ ಒಯ್ಯಬಹುದಾದ ನೆರಳಿನ ಚಪ್ಪರ, ಗೊತ್ತಾದ ಹೊತ್ತಿಗೆ ವಿಶ್ರಾಂತಿ ಕೊಟ್ಟರು. ಜೊತೆಗೆ ಕತ್ತಿಯನ್ನೂ ಬದಲಿಸಿದರು. ಹೆಚ್ಚು ಬಾಗದೆ ಬುಡಕ್ಕೆ ತಾಗುವಂತೆ ಡೊಂಕಿಟ್ಟ, ಉದ್ದ ಹಿಡಿಯ, ಹಗುರ ಅಲಗಿನ ಆಸ್ಟ್ರೇಲಿಯಾ ಮಾದರಿಯ ಕತ್ತಿ ಅದು. ಒಂದು ತಂಡದಲ್ಲಿ ತಲೆಗೆ ದಿನಕ್ಕೆ 5.1 ಟನ್ ಇದ್ದ ಕಡಿತ 7.3 ಟನ್ನಿಗೆ ಏರಿತು. ಇದೆಲ್ಲ ಕತ್ತಿಯೊಂದರ ಫಲವಲ್ಲ. ನೀರು, ನೆರಳು, ವಿಶ್ರಾಂತಿಯ ಪಾಲು ದೊಡ್ಡದು. ಆದರೆ ಕಾರ್ಮಿಕರ ಜೀವ ಉಳಿಸಲು ಕೂತವರು ಮಾಡಿದ ಪಟ್ಟಿಯಲ್ಲಿ ಕತ್ತಿಗೂ ಜಾಗವಿತ್ತು. ಸಾಲಿನಲ್ಲಿ ಕಡಿಯುವವರಿಗೆ ವಿಶ್ರಾಂತಿ ಕೊಟ್ಟೂ ಕಬ್ಬು ಹೆಚ್ಚು ಬಂತು. ನಮ್ಮ ಕಾರ್ಖಾನೆಗಳು ಈ ಪಾಠವನ್ನು ಹನ್ನೊಂದು ವರ್ಷ ತಡವಾಗಿಯಾದರೂ ಓದಬೇಕು.

ಇದಕ್ಕೆ ಬರುವ ಮೊದಲ ಆಕ್ಷೇಪ, ಇನ್ನೇನು ಎಲ್ಲ ಕಡೆ ಕಟಾವು ಯಂತ್ರ ಬರುತ್ತದೆ ಎಂಬುದು. ಬರುತ್ತಿದೆ ನಿಜ. ಆದರೆ ಎರಡು ಎಕರೆಯ ತುಂಡು ಹೊಲ, ಹತ್ತಿರ ಹತ್ತಿರದ ಸಾಲು, ನೀರು ಬಸಿಯದ ಎರೆಮಣ್ಣು, ಮಲಗಿದ ಕಬ್ಬು ಇರುವಲ್ಲಿ ಯಂತ್ರ ಸಲೀಸಾಗಿ ಇಳಿಯುವುದಿಲ್ಲ. ಅಲ್ಲಿ ಬೇಕಾಗುವುದು ಕೈ. ಇನ್ನೊಂದು ಮಾತು, ಕಾರ್ಮಿಕರು ತಮ್ಮ ಕೊಯ್ತಾವನ್ನು ತಾವೇ ತರುತ್ತಾರೆ, ಅದರಲ್ಲಿ ನಾವೇಕೆ ತಲೆ ಹಾಕಬೇಕು ಎಂಬುದು. ಮುಂಗಡದ ಸಾಲದಲ್ಲಿ ಬಂದವರು ಅದೇ ಸಾಲದ ದುಡ್ಡಿನಲ್ಲಿ ಅಗ್ಗದ್ದನ್ನೇ ಕೊಳ್ಳುತ್ತಾರೆ. ಅಗ್ಗದ ಅಲಗಿನ ನಷ್ಟ ಅವರ ಮೈಗೂ ತಟ್ಟುತ್ತದೆ, ರೈತನ ತೂಕಕ್ಕೂ ತಟ್ಟುತ್ತದೆ. ಮೂರನೆಯದು ಭಯ. ಪುಣೆಯ ಕಡೆ ‘ಕೊಯ್ತಾ ಗ್ಯಾಂಗ್’ ಎಂಬ ಮಾತು ಅಪರಾಧ ಸುದ್ದಿಗಳಲ್ಲಿ ಮೆರೆದು ದುಡಿಯುವವರ ಹತಾರಕ್ಕೆ ಮಸಿ ಬಳಿದಿದೆ. ಕಾನೂನು ಈ ಭೇದವನ್ನು ಬಲ್ಲದು: ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲದ ಅಲಗುಗಳನ್ನು ಆಯುಧಗಳ ಪಟ್ಟಿಗೆ ಸೇರಿಸುವಾಗ ಮನೆಬಳಕೆ ಮತ್ತು ಬೇಸಾಯದ ಹತಾರಗಳನ್ನು ಹೊರಗಿಟ್ಟಿದೆ. ಸಮಾಜವೂ ಅಷ್ಟು ವಿವೇಕ ತೋರಿಸಲಿ.

ಖರ್ಚಿನ ಮಾತಿಗೆ ಬರೋಣ. ಒಳ್ಳೆಯ ಉಕ್ಕಿನ, ಸರಿ ಹದದ ಒಂದು ಕೊಯ್ತಾಕ್ಕೆ 500 ರೂಪಾಯಿ ಎಂದು ಹಿಡಿದು, ಜೋಡಿಗೆ ಹಂಗಾಮಿಗೆ ನಾಲ್ಕು ಕೊಟ್ಟರೆ 2,000 ರೂಪಾಯಿ. ಆ ಜೋಡಿ 120 ದಿನ ದಿನಕ್ಕೆ ಎರಡು ಟನ್ ಕಡಿದರೆ 240 ಟನ್. ಟನ್ನಿಗೆ ಎಂಟು ರೂಪಾಯಿ ಚಿಲ್ಲರೆ ಬಿತ್ತು. ಎರಡು ಇಂಚು ಕೆಳಗೆ ಕಡಿದರೆ ಉಳಿಯುವುದು ಎಕರೆಗೆ ಎರಡೂವರೆ ಸಾವಿರ. ನಲವತ್ತು ಟನ್ನಿನ ಎಕರೆಗೆ ಕೊಯ್ತಾದ ಖರ್ಚು ಮುನ್ನೂರ ಮೂವತ್ತರ ಆಸುಪಾಸು. ಕಟಾವು ಮತ್ತು ಸಾಗಾಣಿಕೆಯ ವೆಚ್ಚವನ್ನು ರೈತನ ಬಿಲ್ಲಿನಲ್ಲಿ ಮುರಿದುಕೊಳ್ಳುವ ಕಾರ್ಖಾನೆಗಳು ಈ ಎಂಟು ರೂಪಾಯಿಯನ್ನು ತಮ್ಮ ಲೆಕ್ಕದಿಂದ ಕೊಡುವುದೇ ನ್ಯಾಯ, ಏಕೆಂದರೆ ಹೆಚ್ಚು ಸಿಹಿಯಿರುವ ಬುಡ ಸೇರುವುದು ಅವರ ಗಾಣಕ್ಕೆ.

ಆಗಬೇಕಾದ ಕೆಲಸ ಕಷ್ಟದ್ದೇನಲ್ಲ. ಬೆಳಗಾವಿಯಲ್ಲಿ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ, ಸಂಕೇಶ್ವರದಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕಬ್ಬು ಸಂಶೋಧನಾ ಕೇಂದ್ರವಿದೆ. ತಳಿಗಳನ್ನು ಪ್ಲಾಟ್ ಹಾಕಿ ಪರೀಕ್ಷಿಸುವಂತೆ ಈ ಭಾಗದ ಕುಲುಮೆಗಳ ಕೊಯ್ತಾಗಳನ್ನೂ ತರಿಸಿ, ತೂಕ, ಬಾಗು, ಗಡಸುತನ, ಹಿಡಿಯ ಸುತ್ತಳತೆ ಅಳೆದು, ಕಡಿಯುವ ಹೆಣ್ಣುಮಕ್ಕಳ ಮತ್ತು ಗಂಡಸರ ಕೈಗೇ ಕೊಟ್ಟು ಕೇಳಬೇಕು. ಒಳ್ಳೆಯದೆನಿಸಿದ ಮೂರು ನಾಲ್ಕು ಮಾದರಿಗಳನ್ನು ಹೇಗೆ ಮಾಡಬೇಕೆಂದು ಕಂಬಾರರಿಗೆ ತಿಳಿಸಬೇಕು. ಹೊರಗಿನ ಕಂಪನಿಗೆ ಗುತ್ತಿಗೆ ಕೊಡುವ ಬದಲು ಊರ ಕುಲುಮೆಗಳಿಗೇ ಕೆಲಸ ಹಂಚಬೇಕು. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ಕಂಬಾರಿಕೆಯೂ ಚಪ್ಪಲಿ ಕೆಲಸವೂ ಇವೆ. ಹತಾರಕ್ಕೆ 15,000 ರೂಪಾಯಿ, ಕಡಿಮೆ ಬಡ್ಡಿಯ ಸಾಲ ಅದರಲ್ಲಿ ಸಿಗುತ್ತದೆ. ಆ ದುಡ್ಡಿನಲ್ಲಿ ಒಂದು ಗಾಳಿಯಂತ್ರ, ಎಣ್ಣೆಯ ಪೀಪಾಯಿ, ಉಷ್ಣಮಾಪಕ ಬಂದರೆ ಊರ ಕುಲುಮೆಯ ಹದ ಪ್ರತಿ ಸಲ ಒಂದೇ ತರ ಬರುತ್ತದೆ. ಪ್ರತಿ ಕಾರ್ಖಾನೆಯ ಯಾರ್ಡಿನಲ್ಲಿ, ಟೋಳಿಗಳು ಗುಡಿಸಲು ಹಾಕುವ ಜಾಗದ ಹತ್ತಿರ, ಹಂಗಾಮು ಮುಗಿಯುವ ತನಕ ಒಬ್ಬ ಕಂಬಾರ ಸಾಣೆ ಚಕ್ರದೊಂದಿಗೆ ಕೂರುವಂತಾಗಬೇಕು. ಲಾರಿ ಟಯರಿಗೆ ಪಂಕ್ಚರ್ ಹಾಕುವವನು ಅಲ್ಲಿ ಇದ್ದೇ ಇರುತ್ತಾನೆ.

ಈ ಸೀಮೆಯಲ್ಲಿ ದಸರೆಯ ಖಂಡೇಪೂಜೆಯ ದಿನ ಮನೆಮನೆಯಲ್ಲಿ ಕುಡಗೋಲು, ಕೊಡಲಿ, ಈಳಿಗೆ, ರಂಪಿಗೆಗಳನ್ನು ತೊಳೆದು ವಿಭೂತಿ ಹಚ್ಚಿ ಸಾಲಾಗಿ ಇಡುತ್ತಾರೆ. ಕಾರ್ಖಾನೆಗಳಲ್ಲೂ ಅಂದು ಗಾಣಕ್ಕೆ, ಬಾಯ್ಲರಿಗೆ, ಕಾಟಾಕ್ಕೆ ಹೂವು ಏರುತ್ತದೆ. ಅದಾಗಿ ಕೆಲವೇ ವಾರಕ್ಕೆ ಕಬ್ಬು ಕಡಿಯುವ ಟೋಳಿಗಳು ಮಕ್ಕಳುಮರಿ, ಪಾತ್ರೆಪಗಡ ಹೊತ್ತು ಟ್ರ್ಯಾಕ್ಟರ್‌ಗಳಲ್ಲಿ ಬಂದಿಳಿಯುತ್ತವೆ. ಮುಂದಿನ ಖಂಡೇಪೂಜೆಯ ಹೊತ್ತಿಗೆ ಈ ಐದು ತಾಲ್ಲೂಕುಗಳ ಒಂದಾದರೂ ಕಾರ್ಖಾನೆ ಆ ಗಾಣದ ಪಕ್ಕದಲ್ಲಿ, ಸ್ಥಳೀಯ ಕುಲುಮೆಯಲ್ಲಿ ಹದಗೊಂಡು ಜಾಲಿ ಹಿಡಿ ತೊಟ್ಟ ಹೊಸ ಕೊಯ್ತಾಗಳನ್ನು, ದಪ್ಪ ಹಿಡಿಯವು ಬೇರೆ, ಸಣ್ಣ ಹಿಡಿಯವು ಬೇರೆ ಎಂದು ಎರಡು ಸಾಲಾಗಿ ಇಟ್ಟು ಪೂಜಿಸಲಿ. ಟೋಳಿ ಬಂದಿಳಿದ ದಿನ, ಕಬ್ಬಿನ ಮೊದಲ ಸಾಲಿಗೆ ಇಳಿಯುವ ಮುಂಚೆ, ಅವನ್ನು ಒಬ್ಬೊಬ್ಬರ ಕೈ ಅಳತೆ ನೋಡಿ ಕೊಡಲಿ.